ಮಣ್ಣಿನಲ್ಲಿ ಉಳಿದ ಕರ್ಮ

ಕರ್ಮಸಿದ್ಧಾಂತವನ್ನು ನೆಲೆಗೊಳಿಸಿದ ನಮ್ಮ ಪ್ರಾಚೀನ ದಾರ್ಶನಿಕರು ಪರಪಕ್ಷವನ್ನು ಖಂಡಿಸುವಾಗ ಎರಡು ದೋಷಗಳನ್ನು ಸಾಮಾನ್ಯವಾಗಿ ಜೋಡಿಯಾಗಿಯೇ ಎತ್ತುವರು. ಮಾಡಿದ ಕರ್ಮವು ಫಲವನ್ನು ಕೊಡದೆ ಅಳಿದುಹೋಗುವುದು ಕೃತನಾಶ; ಮಾಡದ ಕರ್ಮದ ಫಲವು ಬಂದು ತಲೆಯ ಮೇಲೆ ಬೀಳುವುದು ಅಕೃತಾಭ್ಯಾಗಮ. ಯಾವ ಮತವನ್ನು ಅಂಗೀಕರಿಸಿದರೆ ಈ ಎರಡರಲ್ಲಿ ಒಂದಾದರೂ ಪ್ರಸಕ್ತವಾಗುವುದೋ ಆ ಮತವು ಅಷ್ಟರಿಂದಲೇ ತ್ಯಾಜ್ಯವೆಂದು ಅವರು ತೀರ್ಮಾನಿಸುತ್ತಿದ್ದರು. ಆತ್ಮವು ನಿತ್ಯವೆಂದು ಸಾಧಿಸಹೊರಟ ನೈಯಾಯಿಕರಿಗೂ, ಬೌದ್ಧರ ಕ್ಷಣಿಕವಾದವನ್ನು ಅಲ್ಲಗಳೆಯಹೊರಟ ಜೈನಾಚಾರ್ಯರಿಗೂ ಈ ತರ್ಕವು ಸಮಾನವಾದ ಆಯುಧವಾಗಿದ್ದಿತು. ಈಶ್ವರನ ವಿಷಯದಲ್ಲಿ, ಆತ್ಮದ ವಿಷಯದಲ್ಲಿ, ಮೋಕ್ಷದ ವಿಷಯದಲ್ಲಿ ಪರಸ್ಪರ ಹೋರಾಡಿದವರು ಇದೊಂದು ವಿಷಯದಲ್ಲಿ ಏಕಾಭಿಪ್ರಾಯರಾಗಿದ್ದರು: ಮಾಡಿದವನಿಗೆ ಫಲ ತಪ್ಪಕೂಡದು, ಮಾಡದವನಿಗೆ ಫಲ ತಟ್ಟಕೂಡದು.

ಆದರೆ ಈ ವಾಕ್ಯವು ಲೋಕದ ಸ್ವಭಾವವನ್ನು ಹೇಳುವ ವರ್ಣನೆಯೋ, ಲೋಕವು ಹೀಗಿರತಕ್ಕದ್ದೆಂದು ಮನುಷ್ಯನ ಅಂತಃಕರಣವು ಹಾಕುವ ವಿಧಿಯೋ? ಈ ಪ್ರಶ್ನೆಯನ್ನು ಗ್ರಂಥಗಳ ನಡುವೆ ಕುಳಿತು ವಿಚಾರಿಸುವುದಕ್ಕಿಂತ, ಹಿಂದೊಮ್ಮೆ ಕಾರ್ಖಾನೆಯೋ ತ್ಯಾಜ್ಯದ ಗುಂಡಿಯೋ ಇದ್ದು, ಈಗ ಹುಲ್ಲು ಬೆಳೆದು, ಮನೆಗಳನ್ನು ಎಬ್ಬಿಸುವುದಕ್ಕಾಗಿ ಅಳತೆಯ ಕಲ್ಲುಗಳನ್ನು ನೆಟ್ಟಿರುವ ಒಂದು ಖಾಲಿ ನಿವೇಶನದ ಮೇಲೆ ನಿಂತು ವಿಚಾರಿಸುವುದು ಹೆಚ್ಚು ಪ್ರಯೋಜನಕಾರಿಯೆಂದು ನನಗೆ ತೋರುತ್ತದೆ. ಏಕೆಂದರೆ ಕರ್ಮ, ಕರ್ತೃ, ಫಲ ಎಂಬ ಮೂರು ಪದಾರ್ಥಗಳು ಇಷ್ಟು ಸ್ಥೂಲವಾಗಿ, ಅಳೆದು ತೂಗಬಹುದಾದ ರೂಪದಲ್ಲಿ, ಒಂದೇ ಸ್ಥಳದಲ್ಲಿ ದೊರೆಯುವುದು ಅಪರೂಪ.

ಅಂಥ ಸ್ಥಳಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ನಗರದಲ್ಲಿರುವ ಲವ್ ಕೆನಾಲ್. 1890ರ ದಶಕದಲ್ಲಿ ವಿಲಿಯಂ ಲವ್ ಎಂಬ ಉದ್ಯಮಿಯು, ನಯಾಗರ ನದಿಯ ನೀರನ್ನು ಕಾಲುವೆಯೊಂದರಿಂದ ತಿರುಗಿಸಿ ವಿದ್ಯುತ್ತನ್ನು ಪಡೆದು, ಅದರ ಆಶ್ರಯದಲ್ಲಿ ಒಂದು ಆದರ್ಶ ನಗರವನ್ನು ನಿರ್ಮಿಸುವೆನೆಂದು ಹೊರಟು, ಹಣ ಸಾಲದೆ, ಕಾಲುವೆಯ ಒಂದು ತುಂಡನ್ನು ಮಾತ್ರ ತೋಡಿ ಬಿಟ್ಟುಹೋದನು. ಹೂಕರ್ ಕೆಮಿಕಲ್ ಎಂಬ ಕಂಪೆನಿಯು 1942ರಿಂದ 1953ರವರೆಗೆ ಆ ತೋಡಿನೊಳಗೆ ಸುಮಾರು 21,000 ಟನ್ನುಗಳಷ್ಟು ರಾಸಾಯನಿಕ ತ್ಯಾಜ್ಯವನ್ನು ಸುರಿದು, ಮೇಲೆ ಜೇಡಿಮಣ್ಣನ್ನು ಮುಚ್ಚಿ, ಆ ಜಮೀನನ್ನು ಒಂದು ಡಾಲರಿಗೆ ನಗರದ ಶಾಲಾಮಂಡಳಿಗೆ ಬರೆದುಕೊಟ್ಟಿತು. ನೆಲದೊಳಗೆ ರಾಸಾಯನಿಕಗಳಿರುವುದಾಗಿಯೂ, ಮುಂದೆ ಯಾರಿಗೆ ಯಾವ ಹಾನಿಯಾದರೂ ಅದಕ್ಕೆ ಕಂಪೆನಿಯು ಹೊಣೆಯಲ್ಲವೆಂದೂ ಆ ಪತ್ರದಲ್ಲಿ ಬರೆದಿತ್ತು. ಮಂಡಳಿಯು ಅಲ್ಲಿ ಶಾಲೆಯನ್ನು ಕಟ್ಟಿಸಿತು, ಸುತ್ತಲೂ ಮನೆಗಳೆದ್ದವು, ರಸ್ತೆಗಳಿಗಾಗಿ, ಚರಂಡಿಯ ಕೊಳವೆಗಳಿಗಾಗಿ ಜೇಡಿಮಣ್ಣಿನ ಹೊದಿಕೆಯನ್ನು ಅಲ್ಲಲ್ಲಿ ಸೀಳಿದರು. 1957ರಲ್ಲಿ ಮಂಡಳಿಯು ಆ ಜಮೀನಿನ ಭಾಗವನ್ನು ಮಾರಹೊರಟಾಗ ಕಂಪೆನಿಯವರೇ ಬಂದು, ಇಲ್ಲಿ ಅಗೆಯುವುದು ತರವಲ್ಲವೆಂದು ಎಚ್ಚರಿಸಿದರೆಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ಮಳೆಯ ನೀರೂ ಹಿಮದ ನೀರೂ ಸೀಳಿದ ಹೊದಿಕೆಯಿಂದ ಒಳಗಿಳಿದವು. ತಳದ ಜೇಡಿಯು ಅವನ್ನು ಕೆಳಗೆ ಬಿಡಲಿಲ್ಲ. ತೋಡು ತುಂಬಿ, ವಿಷವು ನೀರಿನೊಡನೆ ಮೇಲಕ್ಕೇರಿ, ಪಕ್ಕಕ್ಕೆ ಹರಿದು, ಮನೆಗಳ ನೆಲಮಾಳಿಗೆಗಳಲ್ಲಿ ಜಿನುಗತೊಡಗಿತು. 1978ರ ಆಗಸ್ಟ್ ತಿಂಗಳಿನಲ್ಲಿ ರಾಜ್ಯದ ಆರೋಗ್ಯಾಧಿಕಾರಿಯೂ, ಕೆಲವೇ ದಿನಗಳ ಅನಂತರ ಅಧ್ಯಕ್ಷ ಜಿಮ್ಮಿ ಕಾರ್ಟರರೂ ತುರ್ತು ಪರಿಸ್ಥಿತಿಯನ್ನು ಘೋಷಿಸಿದರು. ಮೊದಲಿಗೆ ತೋಡಿನ ಸಮೀಪದ 239 ಕುಟುಂಬಗಳೂ, ಮುಂದೆ ಲೋಯಿಸ್ ಗಿಬ್ಸ್ ಎಂಬ ಗೃಹಿಣಿಯ ಮುಂದಾಳುತನದಲ್ಲಿ ನಡೆದ ಹೋರಾಟದ ಫಲವಾಗಿ ಇನ್ನೂ ನೂರಾರು ಕುಟುಂಬಗಳೂ ಮನೆಗಳನ್ನು ತೊರೆದು ಹೋದವು.

ಈ ವೃತ್ತಾಂತವು ನಮ್ಮ ದಾರ್ಶನಿಕರ ಜೋಡಿವಾಕ್ಯಕ್ಕೆ ಕೊಡುವ ಉತ್ತರ ವಿಚಿತ್ರವಾದದ್ದು: ಅರ್ಧವನ್ನು ಅದು ಪೂರ್ಣವಾಗಿ ಸಮರ್ಥಿಸುತ್ತದೆ, ಉಳಿದರ್ಧವನ್ನು ಪೂರ್ಣವಾಗಿ ನಿರಾಕರಿಸುತ್ತದೆ. ಕೃತನಾಶವಿಲ್ಲವೆಂಬುದು ನಿಜ. ಯಜ್ಞವು ಮುಗಿದು ಬೂದಿಯಾದ ಮೇಲೂ ಸ್ವರ್ಗವೆಂಬ ಫಲವು ಹುಟ್ಟುವವರೆಗೆ ಅದರ ಶಕ್ತಿಯೊಂದು ಅದೃಶ್ಯವಾಗಿ ಉಳಿದಿರುತ್ತದೆಯೆಂದು ಹೇಳಿ, ಅದಕ್ಕೆ ಅಪೂರ್ವವೆಂಬ ಹೆಸರನ್ನಿಟ್ಟ ಮೀಮಾಂಸಕರು ಈ ತೋಡನ್ನು ಕಂಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಸುರಿದವರು ಮರೆತರೂ, ಕೊಂಡವರು ಮರೆತರೂ, ಮಣ್ಣು ಇಪ್ಪತ್ತೈದು ವರ್ಷಗಳ ಕಾಲ ಕರ್ಮವನ್ನು ಕಾಪಾಡಿಕೊಂಡು ಬಂದಿತು. ಆದರೆ ಫಲವು ಯಾರನ್ನು ಅರಸಿಕೊಂಡು ಹೋಯಿತು? ಸುರಿಯುವ ಕಾಲಕ್ಕೆ ಹುಟ್ಟಿಯೇ ಇರದಿದ್ದ ಮಕ್ಕಳನ್ನು. ಅಂತರ್ಜಲಕ್ಕೆ ಇಳಿಜಾರು ಗೊತ್ತು, ಮರಳಿನ ರಂಧ್ರ ಗೊತ್ತು; ಕರ್ತೃವಿನ ವಿಳಾಸ ಗೊತ್ತಿಲ್ಲ. ಅಕೃತಾಭ್ಯಾಗಮವು ಅಸಂಭವವೆಂದು ತರ್ಕವು ಹೇಳುತ್ತಿದ್ದಂತೆಯೇ ಮಣ್ಣಿನೊಳಗೆ ಅದು ನಿತ್ಯವೂ ನಡೆಯುತ್ತಿದೆ.

ಇಲ್ಲಿ ಒಂದು ಸುಲಭವಾದ ಪರಿಹಾರವು ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಆ ಮಕ್ಕಳು ಪೂರ್ವಜನ್ಮದಲ್ಲಿ ಏನನ್ನೋ ಮಾಡಿದ್ದಿರಬೇಕು. ಆ ಪ್ರಾರಬ್ಧವೇ ಅವರನ್ನು ಆ ಬೀದಿಯಲ್ಲಿ ಹುಟ್ಟಿಸಿತು. ಆದಕಾರಣ ಸಿದ್ಧಾಂತಕ್ಕೆ ಹಾನಿಯಿಲ್ಲ ಎಂದು ಹೇಳಿಬಿಡಬಹುದು. ಈ ಸಮಾಧಾನವನ್ನು ನಾನು ಒಪ್ಪಲಾರೆ. ಮೊದಲನೆಯದಾಗಿ, ಏನು ನಡೆದರೂ ಅದಕ್ಕೆ ಹೊಂದಿಕೊಳ್ಳುವ ಉತ್ತರವು ಯಾವುದನ್ನೂ ತಿಳಿಸುವುದಿಲ್ಲ. ಎರಡನೆಯದಾಗಿ, ಅದು ಕರ್ತೃವನ್ನು ಕೇವಲ ನಿಮಿತ್ತನನ್ನಾಗಿ ಮಾಡಿ ಬಿಡುಗಡೆ ಮಾಡುತ್ತದೆ. ಹಿಂಸೆಗೊಳಗಾದವನ ಪ್ರಾರಬ್ಧವು ಹಿಂಸೆ ಮಾಡಿದವನ ಪಾಪವನ್ನು ಕಳೆಯುತ್ತದೆಯೆಂದು ನಮ್ಮ ಧರ್ಮಶಾಸ್ತ್ರಗಳೂ ಒಪ್ಪಿಕೊಂಡಂತಿಲ್ಲ. ಮೂರನೆಯದೂ ಮುಖ್ಯವಾದದ್ದೂ ಇದು: ತನ್ನ ದುಃಖವನ್ನು ತನ್ನ ಕರ್ಮದ ಫಲವೆಂದು ಭಾವಿಸುವವನಿಗೆ ಆ ಭಾವನೆಯು ಸೈರಣೆಯನ್ನು ಕೊಟ್ಟೀತು, ಪರರ ದುಃಖವನ್ನು ಅವರ ಕರ್ಮದ ಫಲವೆಂದು ಹೇಳುವವನಿಗೆ ಅದು ನಿರ್ದಯತೆಗೆ ಅನುಮತಿಪತ್ರವಾಗುತ್ತದೆ. ಆತ್ಮಪರೀಕ್ಷೆಗಾಗಿ ಹುಟ್ಟಿದ ಸಿದ್ಧಾಂತವನ್ನು ನೆರೆಯವನ ಬಾವಿಯ ಮೇಲೆ ಪ್ರಯೋಗಿಸತಕ್ಕದ್ದಲ್ಲ. ಅಲ್ಲಿ ಪ್ರಯೋಗಿಸತಕ್ಕದ್ದು ಬೇರೊಂದು ಪರೀಕ್ಷೆ.

ಆ ಪರೀಕ್ಷೆಯ ಕ್ರಮವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ಕೊಳ್ಳುವ ಮುನ್ನ, ಕಟ್ಟುವ ಮುನ್ನ ನೆಲವನ್ನು ಪರೀಕ್ಷಿಸಬೇಕೆಂಬುದು ನಮಗೆ ಹೊಸ ಮಾತಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ, ನಿವೇಶನದೊಳಗೆ ಹುದುಗಿರಬಹುದಾದ ಎಲುಬು, ಇದ್ದಿಲು, ಕೂದಲು ಮುಂತಾದ ಶಲ್ಯಗಳನ್ನು ಗುರುತಿಸುವ ವಿಚಾರವನ್ನು ಹೇಳಿದ್ದಾನೆ. ಅಂತರ್ಜಲವನ್ನು ಕುರಿತ ದಕಾರ್ಗಲವೆಂಬ ಪ್ರಕರಣದಲ್ಲಿ, ಮನುಷ್ಯನ ಮೈಯಲ್ಲಿ ನಾಡಿಗಳಿರುವಂತೆ ಭೂಮಿಯಲ್ಲಿ ಜಲದ ನಾಡಿಗಳಿವೆಯೆಂದೂ, ಆಕಾಶದಿಂದ ಬೀಳುವಾಗ ಒಂದೇ ಬಣ್ಣ ಒಂದೇ ರುಚಿಯುಳ್ಳ ನೀರು ಭೂಮಿಯ ಭೇದದಿಂದ ನಾನಾ ಬಣ್ಣ ನಾನಾ ರುಚಿಗಳನ್ನು ತಾಳುವುದರಿಂದ ಅದನ್ನು ನೆಲದೊಡನೆಯೇ ಪರೀಕ್ಷಿಸಬೇಕೆಂದೂ ತಿಳಿಸಿದ್ದಾನೆ. ಶಲ್ಯವನ್ನು ಕಂಡುಹಿಡಿಯಲು ಅವನು ಹೇಳಿದ ಶಕುನಗಳನ್ನು ಇಂದು ಯಾರೂ ಅನುಸರಿಸಬೇಕಾಗಿಲ್ಲ. ನೀರಿನ ಗುಣವು ಅದು ಹಾದುಬಂದ ಮಣ್ಣಿನ ಚರಿತ್ರೆಯೆಂಬ ಅವನ ತಿಳಿವಳಿಕೆಯನ್ನು ಮಾತ್ರ ಇಂದಿನ ಭೂವಿಜ್ಞಾನಿಯೂ ಸಂತೋಷದಿಂದ ಒಪ್ಪುವನು.

ಇಂದಿನ ಪರೀಕ್ಷಕನು ಮೊದಲು ಅಗೆಯುವುದಿಲ್ಲ, ಓದುತ್ತಾನೆ. ಹಳೆಯ ಕ್ರಯಪತ್ರ, ನಕ್ಷೆ, ವಿಮಾನದಿಂದ ತೆಗೆದ ಚಿತ್ರ, ಪರವಾನಗಿಯ ಕಡತ, ಆ ಸ್ಥಳದಲ್ಲಿ ದುಡಿದ ವೃದ್ಧರ ಮಾತು ಇವೆಲ್ಲವನ್ನೂ ಕೂಡಿಸಿ, ಎಲ್ಲಿ ತೊಟ್ಟಿಯಿತ್ತು, ಎಲ್ಲಿ ಪೀಪಾಯಿಗಳನ್ನು ಇಡುತ್ತಿದ್ದರು, ಎಲ್ಲಿ ನೀರು ಹೊರಗೆ ಹೋಗುತ್ತಿತ್ತು ಎಂದು ಊಹಿಸುತ್ತಾನೆ. ಅನಂತರ ಭೂಮಿಗೆ ಭೈರಿಗೆಯಿಟ್ಟು, ಪದರಪದರವಾಗಿ ಮಣ್ಣನ್ನು ತೆಗೆದು ದಾಖಲೆ ಮಾಡುತ್ತಾನೆ. ಕೊಳವೆಗಳನ್ನಿಳಿಸಿ ನೀರಿನ ಮಟ್ಟವನ್ನು ಅಳೆಯುತ್ತಾನೆ. ಅಂತರ್ಜಲವು ಯಾವ ದಿಕ್ಕಿಗೆ ಹರಿಯುತ್ತಿದೆಯೆಂದು ನಿಶ್ಚಯಿಸಲು ಕನಿಷ್ಠ ಮೂರು ಬಾವಿಗಳು ಬೇಕು, ಅವೂ ಒಂದೇ ಸಾಲಿನಲ್ಲಿರಕೂಡದು. ಮೂರು ಬಿಂದುಗಳಿಲ್ಲದೆ ಒಂದು ಸಮತಲದ ಓಟವು ತಿಳಿಯದು. ಪೆಟ್ರೋಲಿನಂಥ ಹಗುರ ದ್ರವವು ನೀರಿನ ಮೇಲೆ ತೇಲಿದರೆ, ಲೋಹದ ಜಿಡ್ಡನ್ನು ತೊಳೆಯಲು ಬಳಸುವ ಟ್ರೈಕ್ಲೋರೊಎಥಿಲೀನಿನಂಥ ದ್ರಾವಕವು ನೀರಿಗಿಂತ ಭಾರವಾದ್ದರಿಂದ ತಳಕ್ಕಿಳಿದು ಬಂಡೆಯ ಬಿರುಕುಗಳಲ್ಲಿ ಅಡಗುತ್ತದೆ. ಆದುದರಿಂದ ಒಂದೇ ಆಳದ ನೀರನ್ನು ನೋಡಿ ತೃಪ್ತನಾಗುವವನು ಮೋಸಹೋಗುವನು. ಸಂಗ್ರಹಿಸಿದ ನೀರಿನ ಸೀಸೆಗಳ ಜೊತೆಯಲ್ಲಿ ಶುದ್ಧಜಲದ ಒಂದು ಸೀಸೆಯೂ ಪ್ರಯೋಗಶಾಲೆಗೆ ಪ್ರಯಾಣ ಮಾಡುತ್ತದೆ. ಅದರಲ್ಲಿಯೂ ವಿಷವು ಕಂಡರೆ ದೋಷವು ನೆಲದ್ದಲ್ಲದೆ ಪ್ರಯಾಣದ್ದೋ ಪಾತ್ರೆಯದೋ ಇರಬಹುದೆಂದು ತಿಳಿಯಬೇಕು. ಪರೀಕ್ಷಕನು ತನ್ನ ಕೈಯನ್ನೂ ಪರೀಕ್ಷೆಗೆ ಒಳಪಡಿಸುವ ಈ ಪದ್ಧತಿಯಲ್ಲಿ ಒಂದು ಬಗೆಯ ತಪಸ್ಸಿದೆಯೆಂದರೆ ತಪ್ಪಾಗಲಾರದು.

ಇಷ್ಟೆಲ್ಲ ಶ್ರಮ ಏಕೆಂದರೆ ಪ್ರತ್ಯಕ್ಷಪ್ರಮಾಣವು ಇಲ್ಲಿ ಕೈಕೊಡುತ್ತದೆ. ಕುಡಿಯುವ ನೀರಿನಲ್ಲಿ ಬೆಂಜೀನಿನ ಪ್ರಮಾಣ ಲೀಟರಿಗೆ 10 ಮೈಕ್ರೊಗ್ರಾಂಗಳನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮನುಷ್ಯನ ಮೂಗಿಗೆ ನಾಲಗೆಗೆ ಅದು ಗೊತ್ತಾಗುವುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾದಾಗ. ನೀರು ತಿಳಿಯಾಗಿದೆ, ತಣ್ಣಗಿದೆ, ಸಿಹಿಯಾಗಿದೆ ಎಂಬ ಮೂರು ಸಾಕ್ಷಿಗಳೂ ಸುಳ್ಳುಸಾಕ್ಷಿಗಳಾಗಬಹುದು. ಮಿಕ್ಕಿರುವುದು ಅನುಮಾನ, ಅದರ ಜೊತೆಗೆ ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ ಅನುಪಲಬ್ಧಿ. ವಸ್ತುವು ಕಾಣದಿರುವುದರಿಂದ ಅದು ಇಲ್ಲವೆಂದು ತಿಳಿಯುವುದೇ ಅನುಪಲಬ್ಧಿ. ಆದರೆ ಅವರು ಅದಕ್ಕೊಂದು ಕಟ್ಟುಪಾಡನ್ನು ವಿಧಿಸಿದರು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆಯಿದ್ದಾಗ ಮಾತ್ರ ಕಾಣದಿರುವಿಕೆಯು ಇಲ್ಲದಿರುವಿಕೆಯನ್ನು ಸಾಧಿಸುತ್ತದೆ. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದ ಮಾತ್ರಕ್ಕೆ ಮಡಕೆಯಿಲ್ಲವೆಂದು ಹೇಳಲಾಗದು. ಪ್ರಯೋಗಶಾಲೆಯ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂಬ ಮಾತನ್ನು ಓದುವವನು ಈ ಸೂಕ್ಷ್ಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಯಂತ್ರದ ಕನಿಷ್ಠ ಮಿತಿ ಎಷ್ಟು, ಭೈರಿಗೆಯು ಎಷ್ಟು ಆಳಕ್ಕೆ ಹೋಯಿತು, ಎರಡು ರಂಧ್ರಗಳ ನಡುವೆ ಎಷ್ಟು ಗಜ ನೆಲವು ಪರೀಕ್ಷೆಯಿಲ್ಲದೆ ಉಳಿಯಿತು, ನೀರನ್ನು ತೆಗೆದದ್ದು ಮಳೆಗಾಲದಲ್ಲೋ ಬೇಸಗೆಯಲ್ಲೋ ಎಂದು ಕೇಳದೆ, ಪತ್ತೆಯಾಗದ್ದನ್ನು ಇಲ್ಲವೆಂದು ಸಾರುವವನು ತಾರ್ಕಿಕನೂ ಅಲ್ಲ, ಸತ್ಯವಂತನೂ ಅಲ್ಲ. ಒಂದು ಸಾವಿರ ವರ್ಷಗಳಿಗೂ ಹಿಂದೆ ಪಾಠಶಾಲೆಗಳಲ್ಲಿ ನಡೆದ ಚರ್ಚೆಯ ಮೇಲೆ ಇಂದು ಒಂದು ಬಡಾವಣೆಯ ಮಕ್ಕಳ ಆರೋಗ್ಯವು ನಿಂತಿದೆ.

ಲವ್ ಕೆನಾಲಿನ ಅನುಭವದಿಂದ 1980ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಶಾಸನವು ಹುಟ್ಟಿತು. ಸೂಪರ್‌ಫಂಡ್ ಎಂಬುದು ಅದಕ್ಕೆ ರೂಢಿಯಾದ ಹೆಸರು. ಸುರಿದವನು ಮಾತ್ರವೇ ಅಲ್ಲದೆ, ಆ ನೆಲವನ್ನು ಈಗ ಹೊಂದಿರುವವನೂ ಶುದ್ಧೀಕರಣಕ್ಕೆ ಹೊಣೆಯಾಗಬಹುದೆಂದು ಅದು ವಿಧಿಸಿತು. ತಿಳಿಯದೆ ಕೊಂಡವನ ಗತಿಯೇನೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 1986ರ ತಿದ್ದುಪಡಿಯು ಅದಕ್ಕೆ ಕೊಟ್ಟ ಉತ್ತರವನ್ನು ನಾನು ನೀತಿಶಾಸ್ತ್ರದ ಒಂದು ಉತ್ತಮ ವಾಕ್ಯವೆಂದೇ ಎಣಿಸುತ್ತೇನೆ: ತನಗೆ ತಿಳಿದಿರಲಿಲ್ಲವೆಂದು ಹೇಳುವವನು, ಕೊಳ್ಳುವ ಕಾಲದಲ್ಲಿ ವಿಚಾರಿಸತಕ್ಕಷ್ಟನ್ನು ವಿಚಾರಿಸಿದ್ದೆನೆಂದು ಮೊದಲು ತೋರಿಸಬೇಕು. ಎಂದರೆ, ಕ್ಷಮೆಗೆ ಅರ್ಹವಾದ ಅಜ್ಞಾನವು ವಿಚಾರದ ಕೊನೆಯಲ್ಲಿ ಉಳಿದ ಅಜ್ಞಾನವೇ ಹೊರತು ವಿಚಾರವನ್ನು ತಪ್ಪಿಸಿಕೊಂಡ ಅಜ್ಞಾನವಲ್ಲ. ಖಾಲಿ ನಿವೇಶನಗಳ ಪರೀಕ್ಷೆಯು ಒಂದು ವೃತ್ತಿಯಾಗಿ ಬೆಳೆದುದಕ್ಕೆ ಈ ನಿಯಮವು ದೊಡ್ಡ ಕಾರಣ. ಲಾಭದ ಲೆಕ್ಕವೇ ಪರೀಕ್ಷಕನನ್ನು ಬರಮಾಡಿಕೊಂಡರೂ ಬಂದದ್ದು ಒಳ್ಳೆಯದೇ. ಮೀಮಾಂಸಾಸೂತ್ರಕಾರನಾದ ಜೈಮಿನಿಯು ತನ್ನ ಶಾಸ್ತ್ರವನ್ನು ಧರ್ಮದ ಆಚರಣೆಯಿಂದ ಆರಂಭಿಸದೆ ಧರ್ಮದ ಜಿಜ್ಞಾಸೆಯಿಂದ ಆರಂಭಿಸಿದನಷ್ಟೆ. ತಿಳಿಯಬಯಸುವುದು ಧರ್ಮಕ್ಕೆ ಪೂರ್ವಸಿದ್ಧತೆ ಮಾತ್ರವಲ್ಲ, ಎಷ್ಟೋ ಸಂದರ್ಭಗಳಲ್ಲಿ ಅದೇ ಧರ್ಮದ ಮೊದಲನೆಯ ಭಾಗ.

ಪರೀಕ್ಷೆಯಿಂದ ಕರ್ಮವು ತಿಳಿಯಿತು, ಫಲವು ತಿಳಿಯಿತು. ಕರ್ತೃ ಯಾರು? ಭೋಪಾಲದ ನೆಲವು ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಕಠಿಣವಾಗಿ ಕೇಳುತ್ತದೆ. 1984ರ ಡಿಸೆಂಬರ್ 2ರ ರಾತ್ರಿಯ ವಿಷಾನಿಲವು ಲೋಕಕ್ಕೆಲ್ಲ ತಿಳಿದದ್ದು. ಅದಕ್ಕೂ ಹಿಂದಿನಿಂದ, ಅದರಿಂದ ಬೇರೆಯಾಗಿ, ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಆವರಣದಲ್ಲಿಯೂ, 1977ರಲ್ಲಿ ಹೊರಗೆ ಕಟ್ಟಿದ ಆವಿಕೊಳಗಳಲ್ಲಿಯೂ ಶೇಖರವಾದ ತ್ಯಾಜ್ಯವು ಮಣ್ಣಿಗೂ ಸುತ್ತಲಿನ ಕೊಳವೆಬಾವಿಗಳಿಗೂ ಇಳಿದದ್ದು ಅಷ್ಟಾಗಿ ತಿಳಿಯದು. ಕಾರ್ಬೈಡ್ ತನ್ನ ಭಾರತೀಯ ಷೇರುಗಳನ್ನು 1994ರಲ್ಲಿ ಮಾರಿತು. ಆ ಭಾರತೀಯ ಕಂಪೆನಿಯ ಹೆಸರು ಬದಲಾಯಿತು. 1998ರಲ್ಲಿ ನೆಲವು ಮಧ್ಯಪ್ರದೇಶ ಸರ್ಕಾರಕ್ಕೆ ಹಿಂದಿರುಗಿತು. 2001ರಲ್ಲಿ ಅಮೆರಿಕದ ಮೂಲ ಕಂಪೆನಿಯನ್ನು ಡೌ ಕೆಮಿಕಲ್ ಕೊಂಡು, ಹಳೆಯ ಹೊಣೆಯು ತನ್ನದಲ್ಲವೆಂದಿತು. ಆವರಣದಲ್ಲಿ ಶೇಖರಿಸಿಟ್ಟಿದ್ದ ಸುಮಾರು 337 ಟನ್ ತ್ಯಾಜ್ಯವು ಪೀಥಮ್‌ಪುರದ ದಹನಾಗಾರಕ್ಕೆ ಸಾಗಿದ್ದು 2025ರ ಜನವರಿಯಲ್ಲಿ, ದುರಂತವಾಗಿ ನಲವತ್ತು ವರ್ಷಗಳ ಮೇಲೆ. ಮಣ್ಣಿನೊಳಗಿನದು ಅದರಲ್ಲಿ ಸೇರಿಲ್ಲ. ಪ್ರತಿಯೊಬ್ಬ ಉತ್ತರಾಧಿಕಾರಿಯೂ ಹೇಳುವುದು ಒಂದೇ ಮಾತು: ಮಾಡಿದವನು ಬೇರೆ, ನಾನು ಬೇರೆ.

ಈ ಮಾತನ್ನು ಹಿಂದೆಯೇ ಒಬ್ಬನು ಆಡಿದ್ದಾನೆ. ಮಿಲಿಂದಪ್ರಶ್ನೆಯೆಂಬ ಬೌದ್ಧಗ್ರಂಥದಲ್ಲಿ, ಸ್ಥಿರವಾದ ಆತ್ಮವಿಲ್ಲದಿದ್ದರೆ ಕರ್ಮಕ್ಕೆ ಹೊಣೆಯಾರೆಂದು ಯವನರಾಜ ಮಿಲಿಂದನು ಕೇಳಿದಾಗ, ಭಿಕ್ಷು ನಾಗಸೇನನು ಕೊಟ್ಟ ದೃಷ್ಟಾಂತಗಳಲ್ಲಿ ದೀಪದ್ದೂ ಒಂದು. ಉಪ್ಪರಿಗೆಯಲ್ಲಿ ದೀಪವಿಟ್ಟುಕೊಂಡು ಉಣ್ಣುತ್ತಿದ್ದವನ ದೀಪದಿಂದ ಹುಲ್ಲಿಗೆ, ಹುಲ್ಲಿನಿಂದ ಮನೆಗೆ, ಮನೆಯಿಂದ ಊರಿಗೆ ಬೆಂಕಿ ಹತ್ತಿತು. ಊರಿನವರು ಹಿಡಿದು ಕೇಳಿದಾಗ ಅವನು, ತಾನು ಯಾವುದರ ಬೆಳಕಿನಲ್ಲಿ ಉಂಡೆನೋ ಆ ದೀಪದ ಬೆಂಕಿ ಬೇರೆ, ಊರನ್ನು ಸುಟ್ಟ ಬೆಂಕಿ ಬೇರೆ ಎಂದನಂತೆ. ರಾಜನ ತೀರ್ಪು ಊರಿನವರ ಪರ. ಆ ಬೆಂಕಿಯಿಂದಲೇ ಅಲ್ಲವೆ ಈ ಬೆಂಕಿ ಹುಟ್ಟಿದ್ದು? ಹೊಣೆಗೆ ಆತ್ಮದ ಏಕತ್ವವು ಬೇಕಿಲ್ಲ, ಸಂತಾನದ, ಎಂದರೆ ಒಂದರಿಂದೊಂದು ಹುಟ್ಟುವ ಪರಂಪರೆಯ, ಅವಿಚ್ಛಿನ್ನತೆ ಸಾಕು ಎಂಬುದು ನಾಗಸೇನನ ತಾತ್ಪರ್ಯ. ಆತ್ಮವಿಲ್ಲದ, ಸಾವಿಲ್ಲದ, ಹೆಸರನ್ನೂ ಒಡೆಯರನ್ನೂ ಬದಲಿಸುತ್ತ ಹೋಗುವ ಇಂದಿನ ಕಂಪೆನಿಗೆ ಇದಕ್ಕಿಂತ ಒಪ್ಪುವ ನ್ಯಾಯವನ್ನು ನಾನು ಕಾಣೆ. ಕಂಪೆನಿಯ ಆಸ್ತಿಯನ್ನು ಕೊಂಡವನು ಅದರ ಲಾಭದ ಸಂತಾನವನ್ನು ಸ್ವೀಕರಿಸುತ್ತಾನೆ. ವಿಷದ ಸಂತಾನವನ್ನು ಮಾತ್ರ ಹೇಗೆ ನಿರಾಕರಿಸುವನು? ರಾಜಸ್ಥಾನದ ಉದಯಪುರದ ಸಮೀಪದ ಬಿಛ್ಡಿ ಗ್ರಾಮದಲ್ಲಿ ಎಚ್-ಆಮ್ಲವನ್ನು ತಯಾರಿಸಿದ ಕಾರ್ಖಾನೆಗಳು ಬಾವಿಗಳನ್ನು ಕೆಡಿಸಿದಾಗ, ಕೆಡಿಸಿದವನೇ ಶುದ್ಧಿಯ ವೆಚ್ಚವನ್ನು ತೆರಬೇಕೆಂದು 1996ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಕೃತನಾಶವಾಗದಂತೆ ನೋಡಿಕೊಳ್ಳುವ ಕೆಲಸವನ್ನು ಅದೃಷ್ಟದಿಂದ ತೆಗೆದು ನ್ಯಾಯಪೀಠವು ತಾನು ವಹಿಸಿಕೊಂಡ ಪ್ರಸಂಗವಿದು.

ಇನ್ನು ಶುದ್ಧಿಯ ಮಾತು. ಭೂಮಿಯನ್ನು ಶುದ್ಧಿಗೊಳಿಸಲು ಮನುಸ್ಮೃತಿಯು ಐದು ಉಪಾಯಗಳನ್ನು ಹೇಳಿದೆ: ಗುಡಿಸುವುದು, ಸಾರಿಸುವುದು, ನೀರು ಚಿಮುಕಿಸುವುದು, ಮೇಲ್ಮಣ್ಣನ್ನು ಕೆತ್ತುವುದು, ಗೋವುಗಳನ್ನು ತಂಗಿಸುವುದು. ಐದೂ ಮೇಲ್ಮೈಯ ಉಪಾಯಗಳು; ಅಂದಿನ ಅಶುದ್ಧಿಯು ಮೇಲ್ಮೈಯದಾಗಿದ್ದಿತು. ಆಳಕ್ಕಿಳಿದ ಮಲಕ್ಕೆ ಹತ್ತಿರವಾಗುವ ಚಿಂತನೆಯು, ಕನ್ನಡನಾಡಿನಲ್ಲಿ ಶತಮಾನಗಳ ಕಾಲ ಬಾಳಿ ಬೆಳಗಿದ ಜೈನಧರ್ಮದ್ದು. ಕರ್ಮವೆಂದರೆ ಕೇವಲ ಸಂಸ್ಕಾರವಲ್ಲ, ಅದು ಪುದ್ಗಲ, ಸೂಕ್ಷ್ಮವಾದ ದ್ರವ್ಯ ಎಂದವರು ಜೈನರು. ಅದು ಜೀವದೊಳಕ್ಕೆ ಹರಿದುಬರುವುದು ಆಸ್ರವ, ಅಂಟಿಕೊಳ್ಳುವುದು ಬಂಧ, ಹರಿವನ್ನು ತಡೆಯುವುದು ಸಂವರ, ಅಂಟಿದ್ದನ್ನು ಉದುರಿಸುವುದು ನಿರ್ಜರ. ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ ಈ ಕ್ರಮವನ್ನು ಓದಿದ ಯಾವ ಪರಿಸರ ಎಂಜಿನಿಯರನಿಗೂ ತನ್ನ ಕಾರ್ಯಸೂಚಿಯೇ ನೆನಪಾದೀತು. ಮೂಲವನ್ನು ನಿಲ್ಲಿಸದೆ ನೀರನ್ನು ಸೋಸುತ್ತ ಕೂರುವುದು ವ್ಯರ್ಥ, ಸಂವರವಿಲ್ಲದೆ ನಿರ್ಜರವಿಲ್ಲ. ನಿರ್ಜರದಲ್ಲಿಯೂ ಜೈನರು ಎರಡು ಬಗೆಯನ್ನು ಕಂಡರು: ಕಾಲ ಪಕ್ವವಾಗಿ ತಾನಾಗಿ ಉದುರುವುದೊಂದು, ತಪಸ್ಸಿನಿಂದ ಕಾಲಕ್ಕೆ ಮೊದಲೇ ಉದುರಿಸುವುದೊಂದು. ಮಣ್ಣಿನ ಸೂಕ್ಷ್ಮಜೀವಿಗಳು ಕೆಲವು ವಿಷಗಳನ್ನು ತಾವಾಗಿ ಕರಗಿಸುವವರೆಗೆ ಅಳೆಯುತ್ತ ಕಾಯುವುದೂ, ನೀರನ್ನು ಮೇಲೆತ್ತಿ ಇದ್ದಿಲಿನ ಮೂಲಕ ಹಾಯಿಸಿ ಶುದ್ಧಿಗೊಳಿಸುವುದೂ ಇಂದಿನ ಎರಡು ಮಾರ್ಗಗಳು.

ಸಾದೃಶ್ಯವು ಒಂದು ಹಂತದಲ್ಲಿ ನಿಂತುಹೋಗುತ್ತದೆಂಬುದನ್ನೂ ಒಪ್ಪಬೇಕು. ಜೀವನು ಕರ್ಮವನ್ನೆಲ್ಲ ಕಳಚಿ ತನ್ನ ಸಹಜಶುದ್ಧಿಗೆ ಮರಳುವನೆಂದು ಜೈನಾಗಮವು ಭರವಸೆ ಕೊಡುತ್ತದೆ. ಮಣ್ಣಿಗೆ ಅಂಥ ಮೋಕ್ಷವನ್ನು ಯಾರೂ ವಾಗ್ದಾನ ಮಾಡಲಾರರು. ಲವ್ ಕೆನಾಲನ್ನು 2004ರಲ್ಲಿ ಅಪಾಯಕರ ಸ್ಥಳಗಳ ಪಟ್ಟಿಯಿಂದ ತೆಗೆದರು. ಆದರೆ ಸುರಿದದ್ದರ ಬಹುಭಾಗವು ಅಲ್ಲಿಯೇ ಇದೆ. ಮೇಲೆ ಹೊದಿಕೆ, ಸುತ್ತ ಬೇಲಿ, ಜಿನುಗುವ ನೀರನ್ನು ಹಿಡಿದು ಶುದ್ಧಿಗೊಳಿಸುವ ಯಂತ್ರ ಇವುಗಳ ಕಾವಲಿನಲ್ಲಿ ಅದು ಮಲಗಿದೆ. ಕಾವಲು ತಪ್ಪಿದರೆ ಮತ್ತೆ ಏಳಬಲ್ಲುದು. ಶುದ್ಧವಾಯಿತೆಂಬ ತೀರ್ಪಿನ ಹಿಂದೆ, ಇಷ್ಟು ಬಳಕೆಗೆ, ಇಷ್ಟು ಎಚ್ಚರದೊಡನೆ, ತಕ್ಕಮಟ್ಟಿಗೆ ಎಂಬ ಉಪಾಧಿಗಳು ಸಾಲಾಗಿ ನಿಂತಿರುತ್ತವೆ. ಪ್ರಾಯಶ್ಚಿತ್ತವು ಮುಗಿದ ಮೇಲೂ ಜಾಗರಣೆಯು ಮುಗಿಯುವುದಿಲ್ಲ.

ಇಷ್ಟರಿಂದ ನಾವು ಕೇಳಿದ ಪ್ರಶ್ನೆಗೆ ಉತ್ತರವನ್ನು ಹೇಳಬಹುದೆಂದು ತೋರುತ್ತದೆ. ಮಾಡಿದ್ದು ಅಳಿಯುವುದಿಲ್ಲವೆಂಬುದು ಪ್ರಕೃತಿಯ ನಿಯಮ. ಅದಕ್ಕೆ ನಮ್ಮ ಸಹಾಯ ಬೇಕಿಲ್ಲ. ಮಾಡಿದವನಿಗೇ ಅದು ತಟ್ಟಬೇಕು, ಮಾಡದವನನ್ನು ಅದು ಮುಟ್ಟಕೂಡದು ಎಂಬುದು ಪ್ರಕೃತಿಯ ನಿಯಮವಲ್ಲ. ಅದು ಮನುಷ್ಯನ ಧರ್ಮಬುದ್ಧಿಯು ಪ್ರಕೃತಿಯ ಮುಂದಿಡುವ ಬೇಡಿಕೆ, ಮತ್ತು ಮನುಷ್ಯನ ಕೈಯಿಂದಲ್ಲದೆ ಈಡೇರದ ಬೇಡಿಕೆ. ನಮ್ಮ ದಾರ್ಶನಿಕರು ಇವೆರಡನ್ನೂ ಒಂದೇ ಸೂತ್ರದಲ್ಲಿ ಪೋಣಿಸಿ ವಿಶ್ವದ ರಚನೆಯೊಳಗೇ ಇದೆಯೆಂದು ನಂಬಿದರು. ಅವರ ನಂಬಿಕೆಯನ್ನು ನಾವು ಕರ್ತವ್ಯವಾಗಿ ಪರಿವರ್ತಿಸಿಕೊಳ್ಳಬೇಕಾಗಿದೆ. ಕಲುಷಿತ ಸ್ಥಳಗಳನ್ನು ಗುರುತಿಸಿ, ಪರೀಕ್ಷಿಸಿ, ಹೊಣೆಗಾರನನ್ನು ನಿಶ್ಚಯಿಸುವ ನಿಯಮಗಳನ್ನು ಭಾರತ ಸರ್ಕಾರವು ಪ್ರಕಟಿಸಿದ್ದು 2025ರಲ್ಲಿ. ನಿಯಮವು ಕಾಗದದಿಂದ ನೆಲಕ್ಕೆ ಇಳಿಯಬೇಕಾದರೆ, ಬಡಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿಯೂ, ನಿವೇಶನವನ್ನು ಮಾರುವವನೂ, ಸಾಲ ಮಾಡಿ ಕೊಳ್ಳುವ ಗೃಹಸ್ಥನೂ ಭೂಮಿಪೂಜೆಯ ಮುಹೂರ್ತವನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ಆ ಭೂಮಿಯ ಪೂರ್ವಚರಿತ್ರೆಯನ್ನೂ ವಿಚಾರಿಸಬೇಕು. ಹುಟ್ಟಲಿರುವವರ ಪರವಾಗಿ ವಾದಿಸಲು ಬೇರೆ ವಕೀಲರಿಲ್ಲ. ಅವರಿಗೆ ಅಕೃತಾಭ್ಯಾಗಮವು ಒದಗದಂತೆ ನೋಡಿಕೊಳ್ಳುವ ಭಾರವು, ಅವರಿಗಿಂತ ಮೊದಲು ಆ ನೆಲದ ಮೇಲೆ ಕಾಲಿಟ್ಟವರದು.